ನಾಲ್ಕು ನಿಮಿಷ ಸುಮ್ಮನೆ ನಿಂತ ಡಬ್ಬಣ್ಣ

"ನಾನೂರ ಹನ್ನೆರಡನೇ ರಿಪೋರ್ಟ್ ಬರೆದ ಮಹಾನುಭಾವರು ಯಾರು?"

ಮೂರನೇ ಮಹಡಿಯ ಬಾಗಿಲಲ್ಲಿ ನಿಂತು ಅವಳು ಹಾಗೆ ಕೇಳಿದಾಗ ಹನ್ನೊಂದು ಮಂದಿ ಟೆಸ್ಟರ್‌ಗಳಲ್ಲಿ ಹತ್ತು ಮಂದಿ ತಲೆ ಎತ್ತಿದರು. ಎತ್ತದೆ ಉಳಿದವನೇ ಬರೆದವನು. ಆ ಹೊತ್ತಿನಲ್ಲಿ ಅವನು ಡಬ್ಬಣ್ಣನನ್ನು ಒಂದು ಇಟ್ಟಿಗೆ ಗೋಡೆಗೆ ಗುದ್ದಿಸುತ್ತಿದ್ದ.

ಅದೇ ಅವನ ಕೆಲಸ. ಹೊಸ ವಿಡಿಯೋ ಗೇಮ್ ಜನರ ಕೈಗೆ ಹೋಗುವ ಮೊದಲು ಅದರೊಳಗಿನ ಒಂದೊಂದು ಗೋಡೆಗೂ ಗುದ್ದಿ ನೋಡಬೇಕು. ರೋಬೋಟು ಗೋಡೆಯೊಳಗೆ ತೂರಿ ಆಚೆ ಹೋಗಿಬಿಟ್ಟರೆ ರಿಪೋರ್ಟ್ ಬರೆಯಬೇಕು. ಆರು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದವನಿಗೆ ಆಫೀಸಿನಲ್ಲಿ 'ಗೋಡೆ' ಎಂದೇ ಹೆಸರು ಬಿದ್ದಿತ್ತು. ಕೆಲಸದಿಂದ ಬಂದ ಹೆಸರು ಎಂದು ಅವನು ತಿಳಿದಿದ್ದ. ಇಟ್ಟವರು ಹಾಗೆ ತಿಳಿದಿರಲಿಲ್ಲ.

ಹತ್ತು ಬೆರಳುಗಳು ಅವನ ಕಡೆ ತೋರಿಸಿದವು. ಅವಳು ಬಂದು ಅವನ ಮೇಜಿನ ಪಕ್ಕ ನಿಂತಳು. ಕತ್ತಿನಲ್ಲಿ ದಪ್ಪ ಹೆಡ್‌ಫೋನು, ಜಡೆಯಲ್ಲಿ ಸಿಕ್ಕಿಸಿದ ಪೆನ್ಸಿಲ್ಲು, ಮೂಗಿನ ತುದಿಯಲ್ಲಿ ಕೋಪ. ನೆಲಮಾಳಿಗೆಯ ಸೌಂಡ್ ರೂಮಿನವಳು ಎಂದು ಅವನಿಗೆ ಗೊತ್ತಿತ್ತು, ಮಾತಾಡಿಸಿರಲಿಲ್ಲ.

"ನೀವಾ?"

"ಹೌದು."

"ನಾಲ್ಕು ನಿಮಿಷ ಕಂಟ್ರೋಲರ್ ಹಿಡ್ಕೊಂಡು ಒಂದು ಬಟನ್ನೂ ಒತ್ತದೆ ಯಾರಾದ್ರೂ ಕೂತಿರ್ತಾರಾ?"

"ನಾನು ಕೂತಿದ್ದೆ."

"ಯಾಕೆ?"

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ. "ಸುಮ್ನೆ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ. ಒತ್ತಬೇಕು ಅನ್ನಿಸ್ಲಿಲ್ಲ."

ಅವಳ ಹುಬ್ಬು ಒಂದು ಕ್ಷಣ ಸಡಿಲಾಯಿತು. ಆಮೇಲೆ ಮತ್ತೆ ಬಿಗಿಯಾಯಿತು. "ಮನುಷ್ಯರು ಅನ್ನಿಸ್ಕೊಂಡವರು ನಾಲ್ಕು ನಿಮಿಷ ಹಾಗೆ ಕೂರಲ್ಲ ಅಂತ ಲೆಕ್ಕ ಹಾಕಿದ್ದೆ ನಾನು. ಒಂದು ರಿಪೋರ್ಟ್ ಜಾಸ್ತಿ ಆದ್ರೆ ನಿಮಗೇನು ಕಿರೀಟ ಇಡ್ತಾರಾ?"

ಪರದೆಯ ಮೇಲೆ ಡಬ್ಬಣ್ಣ ಗೋಡೆಗೆ ಮೂತಿ ಒತ್ತಿಕೊಂಡು ನಿಂತಿದ್ದ.

ಡಬ್ಬಣ್ಣ ಯಾರೆಂದು ಹೇಳಿಬಿಡುತ್ತೇನೆ. ಇಪ್ಪತ್ತೈದು ವರ್ಷದ ಹಿಂದೆ ಸಂಜೆ ಐದಕ್ಕೆ ಟಿವಿಯಲ್ಲಿ ಬರುತ್ತಿದ್ದ ಕಾರ್ಟೂನಿನ ರೋಬೋಟು ಅವನು. ಎಣ್ಣೆ ಡಬ್ಬದ ಹೊಟ್ಟೆ, ಸೈಕಲ್ ಲೈಟಿನ ಕಣ್ಣು. ಜಗತ್ತನ್ನು ಉಳಿಸುವ ಆತುರವೇ ಇರಲಿಲ್ಲ ಅವನಿಗೆ. ಬಾವಿಗೆ ಬಿದ್ದ ಚೆಂಡು ತೆಗೆದುಕೊಡುವುದು, ದಾರಿ ತಪ್ಪಿದವರನ್ನು ಮನೆ ಸೇರಿಸುವುದು, ಇಂಥದ್ದೇ. ಕೊನೆಗೆ ಚಾರ್ಜು ಮುಗಿದು ಮಹಡಿಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಐದು ಗಂಟೆಗೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ನಮ್ಮ ಗೋಡೆಯೂ ಅವನ ಅಕ್ಕನೂ ಒಂದೇ ಕುರ್ಚಿಯಲ್ಲಿ ಅಂಟಿಕೊಂಡು ನೋಡುತ್ತಿದ್ದರು. ಡಬ್ಬಣ್ಣ ಕಣ್ಣು ಮುಚ್ಚಿದರೆ ಇವನೂ ಅಳುತ್ತಿದ್ದ, ನಾಳೆ ಏಳುತ್ತಾನೆ ಎಂದು ಗೊತ್ತಿದ್ದೂ.

ಹಾಗೆ ಅಳುತ್ತಿದ್ದವನಿಗೆ ಅಳು ಯಾವಾಗ ನಿಂತುಹೋಯಿತು ಎಂದು ಕೇಳಿದರೆ ಹೇಳುವುದು ಕಷ್ಟ. ದೊಡ್ಡ ದುರಂತವೇನೂ ಆಗಿರಲಿಲ್ಲ. ತಾರೀಖು ಹಾಕಿ ಹೇಳುವಂಥದ್ದು ಏನೂ ಇಲ್ಲ. ಹಸಿವು ಅನ್ನುವುದು ಗಡಿಯಾರ ನೋಡಿ ತಿಳಿಯುವ ಸಂಗತಿಯಾಯಿತು. ಎರಡು ವರ್ಷದ ಹಿಂದೆ ಮಾತಾಗಿದ್ದ ಮದುವೆಯೊಂದು ಮುರಿಯಿತು. ಹುಡುಗಿ ಟೀಚರು, ಒಳ್ಳೆಯವಳು. "ನಿಮ್ಮ ಜೊತೆ ಕೂತ್ರೆ ನಾನೊಬ್ಬಳೇ ಕೂತ ಹಾಗಿರುತ್ತೆ, ತಪ್ಪು ತಿಳ್ಕೋಬೇಡಿ" ಎಂದಳು. ಅವನು ತಪ್ಪು ತಿಳಿದುಕೊಳ್ಳಲಿಲ್ಲ. ಸರಿಯಾಗಿಯೇ ಹೇಳಿದ್ದಾಳೆ ಅನ್ನಿಸಿ ಬಸ್ಸು ಹತ್ತಿ ಮನೆಗೆ ಬಂದ.

ಅಕ್ಕ ಒಂದು ದಿನ ಬೇಕೆಂದೇ ಸಕ್ಕರೆ ಹಾಕದ ಟೀ ಕೊಟ್ಟಳು. ಕುಡಿದು ಲೋಟ ಕೆಳಗಿಟ್ಟ.

"ಹೇಗಿತ್ತೋ?"

"ಚೆನ್ನಾಗಿತ್ತು."

ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಅವಳು ಹೇಳುವ ಬುದ್ಧಿಮಾತೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎಂದು ಆವತ್ತಿಗೆ ಖಾತ್ರಿಯಾಗಿತ್ತು.

ಇಂಥವನ ಕೈಗೆ ಡಬ್ಬಣ್ಣನ ಗೇಮು ಬಂದಿತ್ತು. ಮೊದಲ ದಿನ ಪರದೆಯ ಮೇಲೆ ಆ ಎಣ್ಣೆ ಡಬ್ಬದ ಹೊಟ್ಟೆ ಕಂಡಾಗ ಏನಾದರೂ ಆಗಬಹುದು ಎಂದು ಅವನು ಕಾದ. ಏನೂ ಆಗಲಿಲ್ಲ. ಕಂಟ್ರೋಲರ್ ತೊಡೆಯ ಮೇಲಿಟ್ಟು ಕಾಯುತ್ತಲೇ ಇದ್ದ. ಹಾಗೆ ಕಾಯುವಾಗಲೇ ನಾನೂರ ಹನ್ನೆರಡು ಸಿಕ್ಕಿದ್ದು. ಅವನು ಬರೆದ ರಿಪೋರ್ಟ್ ಹೀಗಿತ್ತು:

'ಆಟಗಾರ ಏನನ್ನೂ ಒತ್ತದಿದ್ದರೆ ಡಬ್ಬಣ್ಣ ಮೊದಲ ನಿಮಿಷಕ್ಕೆ ತಲೆ ಕೆರೆದುಕೊಳ್ಳುತ್ತಾನೆ, ಎರಡಕ್ಕೆ ಮೊಣಕಾಲು ಕಿರುಗುಡುತ್ತದೆ, ಮೂರಕ್ಕೆ ಆಕಳಿಸುತ್ತಾನೆ. ಆಮೇಲೆ ಏನೂ ಆಗಬಾರದು. ಆಗುತ್ತಿರುವುದು: ನಾಲ್ಕನೇ ನಿಮಿಷಕ್ಕೆ ಮಾತಾಡುತ್ತಾನೆ. "ಇನ್ನೂ ಇದ್ದೀಯಾ ಮರಿ? ಪರವಾಗಿಲ್ಲ. ಏನೂ ಮಾಡ್ಬೇಡ. ನಾನೂ ಸುಮ್ನೆ ನಿನ್ನ ಜೊತೆ ನಿಂತಿರ್ತೀನಿ." ಧ್ವನಿ ಹೊಸ ನಟರದ್ದಲ್ಲ, ಹಳೆಯ ಕಾರ್ಟೂನಿನದು. ತೊಂದರೆಯ ಮಟ್ಟ: ಕಡಿಮೆ.'

"ಬನ್ನಿ ಹೊರಗೆ" ಎಂದಳು ಅವಳು. ಹತ್ತು ಮಂದಿಯ ಕಿವಿ ಅಷ್ಟು ಹೊತ್ತಿಗೆ ಮೊಲದ ಕಿವಿಯಾಗಿತ್ತು.

ಮೆಟ್ಟಿಲ ಬಳಿಯ ಕಿಟಕಿಯ ಹತ್ತಿರ ನಿಂತು ಅವಳು ಹೇಳಿದಳು. ಕೋಪ ಇಳಿದಿತ್ತು, ಅದರ ಕೆಳಗಿದ್ದದ್ದು ಹೆದರಿಕೆ.

"ಆ ಧ್ವನಿ ನಮ್ಮಪ್ಪಂದು. ಡಬ್ಬಣ್ಣನ ಮಾತೆಲ್ಲ ಅವರೇ ಆಡಿದ್ದು, ಒಂಬತ್ತು ವರ್ಷ. ಹೋದ ವರ್ಷ ಗಂಟಲಿಗೆ ಆಪರೇಷನ್ ಆಯ್ತು. ಧ್ವನಿಪೆಟ್ಟಿಗೇನೇ ತೆಗೆದುಬಿಟ್ರು. ಈಗ ಸ್ಲೇಟಲ್ಲಿ ಬರೆದು ತೋರಿಸ್ತಾರೆ."

ಅವನು ತಲೆಯಾಡಿಸಿದ.

"ಅಟ್ಟದಲ್ಲಿ ಒಂದು ಹಳೇ ಟೇಪ್ ಸಿಕ್ತು. ನಾನು ಚಿಕ್ಕೋಳಿದ್ದಾಗ ಸ್ಟುಡಿಯೋ ಮೂಲೇಲಿ ಕೂತಿರ್ತಿದ್ದೆ. ಒಂದು ಟೇಕ್ ಮುಗಿದು ಇನ್ನೊಂದು ಶುರುವಾಗೋ ಮಧ್ಯೆ ಮೈಕ್ ಆಫ್ ಮಾಡೋದು ಮರೆತಿದ್ದಾರೆ. ಅಪ್ಪ ಡಬ್ಬಣ್ಣನ ಧ್ವನೀಲಿ ನನ್ನ ಹತ್ರ ಮಾತಾಡಿರೋದು ಅದು."

"ಟೇಪ್ ಹಾಕಿ ಅವರಿಗೇ ಕೇಳಿಸ್ಬಹುದಲ್ಲ?"

"ಹೋಗಿದ್ದೆ ಕೇಳಿಸೋಕೆ. ಶುರುವಾಗೋ ಮೊದಲೇ ಕೈ ಹಿಡಿದು ನಿಲ್ಲಿಸಿದ್ರು. 'ಹೋದದ್ದು ಹೋಯ್ತು' ಅಂತ ಬರೆದ್ರು. ಆದ್ರೆ ಗೇಮಲ್ಲಿ ಡಬ್ಬಣ್ಣನ ಬಾಯಿಗೆ ಯಾರೋ ದೊಡ್ಡ ನಟರ ಧ್ವನಿ ಹಾಕ್ತಾರೆ ಅಂತ ಗೊತ್ತಾದ ದಿನ ಗೋಡೆ ಕಡೆ ತಿರುಗಿ ಮಲಗಿಬಿಟ್ರು. ಊಟಕ್ಕೂ ಏಳ್ಲಿಲ್ಲ." ಅವಳು ಜಡೆಯಿಂದ ಪೆನ್ಸಿಲ್ ತೆಗೆದು ಮತ್ತೆ ಸಿಕ್ಕಿಸಿದಳು. "ಅಪ್ಪ ಇನ್ನೂ ಡಬ್ಬಣ್ಣನ ಒಳಗೇ ಇದ್ದಾರೆ ಅಂತ ಅವರಿಗೇ ತೋರಿಸ್ಬೇಕು ನಾನು. ಟೇಪಲ್ಲಿ ಅಲ್ಲ, ಅವನ ಬಾಯಲ್ಲೇ. ಡಬ್ಬಣ್ಣ ನಿಂತಾಗ ಬರೋ ಕಿರುಗುಟ್ಟೋ ಶಬ್ದ ಎಲ್ಲ ಜೋಡಿಸೋದು ನನ್ನ ಕೆಲಸ. ಅದರ ಮಧ್ಯೆ ಸೇರಿಸಿದೆ. ಶುಕ್ರವಾರ ನಮ್ಮ ಟೀಮ್ ಲೀಡ್ ಎಲ್ಲ ರಿಪೋರ್ಟ್ ಓದ್ತಾರೆ. ಓದಿದ್ರೆ ಮಾತೂ ಹೋಗುತ್ತೆ, ನನ್ನ ಕೆಲಸಾನೂ ಹೋಗುತ್ತೆ. ಅದನ್ನ ಅಳಿಸಿಬಿಡಿ."

"ಬರೆದ ರಿಪೋರ್ಟ್ ಅಳಿಸೋಕೆ ಬರಲ್ಲ."

"ಮತ್ತೆ ನೋಡಿದೆ, ಬರ್ಲಿಲ್ಲ ಅಂತ ಬರೀರಿ."

"ಬಂದಿದ್ದು ಬರ್ಲಿಲ್ಲ ಅಂತ ಆರು ವರ್ಷದಲ್ಲಿ ಒಂದ್ಸಲಾನೂ ಬರೆದಿಲ್ಲ."

ಅವನಲ್ಲಿ ಉಳಿದಿದ್ದ ಆಸ್ತಿ ಅಂದರೆ ಅದೊಂದೇ. ಅವಳು ಅವನ ಮುಖವನ್ನು ಹುಡುಕಿದಳು. ಕಣ್ಣಿನಿಂದ ಬಾಯಿಗೆ, ಬಾಯಿಂದ ಕಣ್ಣಿಗೆ, ಎಲ್ಲಿಯಾದರೂ ಒಂದು ಬಿರುಕು ಇದೆಯೇ ಎಂದು. ಸಿಗಲಿಲ್ಲ.

"ಸರಿಯಾದ ಹೆಸರೇ ಇಟ್ಟಿದ್ದಾರೆ ನಿಮಗೆ" ಎಂದು ಹೇಳಿ ಮೆಟ್ಟಿಲಿಳಿದು ಹೋದಳು.

ಆವತ್ತು ಮಂಗಳವಾರ. ಬುಧವಾರ ಅವನು ಗೋಡೆಗಳ ಕೆಲಸ ಬೇಗ ಮುಗಿಸಿ, ಹೆಡ್‌ಫೋನ್ ಹಾಕಿಕೊಂಡು, ಕಂಟ್ರೋಲರ್ ತೊಡೆಯ ಮೇಲಿಟ್ಟ. ನಾಲ್ಕು ನಿಮಿಷ. ಇನ್ನೂ ಇದ್ದೀಯಾ ಮರಿ? ಮತ್ತೆ ನಾಲ್ಕು ನಿಮಿಷ. ಹೀಗೆ ಒಂಬತ್ತು ಸಲ. ಒಂಬತ್ತು ಸಲವೂ ಕಲ್ಲಿನಂತೆ ಕೂತಿದ್ದ, ಒಂಬತ್ತು ಸಲವೂ ಮಾತು ಬಂತು. ಎದೆಯಲ್ಲಿ ಏನಾಯಿತೆಂದು ಕೇಳಬೇಡಿ. ಜೋಮು ಹಿಡಿದ ಕಾಲನ್ನು ಯಾರೋ ಬಟ್ಟೆಯ ಮೇಲಿಂದ ಮುಟ್ಟಿದ ಹಾಗೆ, ಮುಟ್ಟಿದ್ದು ಗೊತ್ತಾಗುತ್ತದೆ, ಕೈ ಗೊತ್ತಾಗುವುದಿಲ್ಲ.

ಸಂಜೆ ಅಕ್ಕನ ಮನೆಗೆ ಹೋದ. ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ಅವನು ಒರೆಸಿ ಇಡುತ್ತಿದ್ದ.

"ಅಕ್ಕಾ, ಡಬ್ಬಣ್ಣ ನೆನಪಿದ್ದಾನಾ?"

"ಇಲ್ದೆ ಏನೋ? ನೀನು ಅವನು ಮಲಗಿದ ಅಂತ ಅತ್ತು ನನ್ನ ಲಂಗ ಎಲ್ಲ ಒದ್ದೆ ಮಾಡ್ತಿದ್ದೆ."

ಅವನು ಆ ಮಾತನ್ನು ಹೇಳಿದ. ಧ್ವನಿ ಅನುಕರಿಸಲಿಲ್ಲ, ರಿಪೋರ್ಟ್ ಓದಿದ ಹಾಗೆ ಹೇಳಿದ. ಇನ್ನೂ ಇದ್ದೀಯಾ ಮರಿ, ಪರವಾಗಿಲ್ಲ, ಏನೂ ಮಾಡ್ಬೇಡ, ನಾನೂ ಸುಮ್ನೆ ನಿನ್ನ ಜೊತೆ ನಿಂತಿರ್ತೀನಿ.

ಅಕ್ಕನ ಕೈ ನೀರಿನಲ್ಲೇ ನಿಂತಿತು. "ಎರಡು ವರ್ಷದಿಂದ ಏಳು, ಓಡಾಡು, ನಗು ಅಂತ ನಿನ್ನ ತಲೆ ತಿಂದೆನಲ್ಲೋ ನಾನು" ಎಂದಳು. "ಇಷ್ಟು ಹೇಳಿದ್ರೆ ಸಾಕಾಗಿತ್ತೇನೋ."

"ನೀನು ಸರಿಯಾಗೇ ಹೇಳಿದ್ದೆ ಅಕ್ಕಾ."

"ಯಾರೋ ಅದು, ಆ ಮಾತು ಆಡಿದ್ದು?"

"ಸೌಂಡ್ ರೂಮಿನವರ ಅಪ್ಪ."

"ಸೌಂಡ್ ರೂಮಿನವರು ಅಂದ್ರೆ? ಹುಡುಗೀನಾ?"

ಅವನು ತಟ್ಟೆ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಅಕ್ಕ ಅದನ್ನು ನೋಡಿ ಬಾಯಿ ಮುಚ್ಚಿಕೊಂಡಳು. ಬುದ್ಧಿವಂತೆ.

ಗುರುವಾರ ಮಧ್ಯಾಹ್ನ ಅವನು ನೆಲಮಾಳಿಗೆಗೆ ಇಳಿದ. ಸೌಂಡ್ ರೂಮಿನ ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು. ಅವಳು ಒಂದು ತಗಡಿನ ತಟ್ಟೆಯನ್ನು ಮೈಕಿನ ಮುಂದೆ ಹಿಡಿದು ಬೆರಳಲ್ಲಿ ಬಾರಿಸುತ್ತಿದ್ದಳು. ಅವನನ್ನು ನೋಡಿ ತಟ್ಟೆ ಕೆಳಗಿಟ್ಟಳು.

"ನಿಯಮ ಒಂದಿದೆ" ಎಂದ. "ಸಣ್ಣ ತೊಂದರೆ ಆದ್ರೆ ಇನ್ನೂ ಮೂರು ಸಲ ನೋಡ್ಬೇಕು. ಬೇರೆ ವಿಭಾಗದ ಒಬ್ಬರು ಸಾಕ್ಷಿ ಇರ್ಬೇಕು. ಮೂರು ಸಲಾನೂ ಬರ್ದೇ ಇದ್ರೆ ಏನಾಯ್ತೋ ಅದನ್ನ ಬರೆದು ಲೀಡ್ ಮುಂದೆ ಇಡಬಹುದು. ಸಾಕ್ಷಿಗೆ ನೀವು ಬನ್ನಿ."

"ನಾನಾ? ಕಳ್ಳನ ಕೈಗೇ ಬೀಗದ ಕೈ ಕೊಡ್ತೀರಾ?"

"ಬೇರೆ ವಿಭಾಗದವರು ಅಂತಷ್ಟೇ ಇರೋದು. ಯಾರು ಅಂತ ಬರೆದಿಲ್ಲ."

ಅವಳ ಕಣ್ಣಲ್ಲಿ ಒಂದು ಆಸೆ ಇಣುಕಿತು. "ಹಾಗಾದ್ರೆ ಬೇಕಂತ ಬಟನ್ ಒತ್ತಿಬಿಡ್ತೀರಾ?"

"ಇಲ್ಲ. ಮಾತು ಬಂದ್ರೆ ಬಂತು ಅಂತಾನೇ ಬರೀತೀನಿ."

"ಮತ್ತೆ ನನ್ನನ್ನ ಯಾಕ್ರೀ ಕರೀತೀರಿ? ನನ್ನ ಕತ್ತು ಕೊಯ್ಯೋದನ್ನ ನಾನೇ ಕೂತು ನೋಡ್ಲಾ?"

"ಆ ಮಾತನ್ನ ನಿಮ್ಮ ಜೊತೆ ಕೂತು ಒಂದ್ಸಲ ಕೇಳ್ಬೇಕು ಅನ್ನಿಸ್ತು."

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಅನ್ನಿಸ್ತು ಎಂಬ ಮಾತು ಅವನ ಬಾಯಿಂದ ಬಂದು ಎಷ್ಟು ಕಾಲವಾಗಿತ್ತೋ. ಅವಳು ಎದ್ದು ಲೈಟ್ ಆರಿಸಿ, "ನಡೀರಿ" ಎಂದಳು.

ಎರಡನೇ ಮಹಡಿಯಲ್ಲಿ ಒಂದು ಸಣ್ಣ ಕೋಣೆ, ಒಂದು ಟಿವಿ, ಇಬ್ಬರಿಗೆ ಸಾಲದಷ್ಟು ಅಗಲದ ಸೋಫಾ. ಅವಳ ಕೈಯಲ್ಲಿ ಸ್ಟಾಪ್‌ವಾಚು, ಅವನ ಕೈಯಲ್ಲಿ ಕಂಟ್ರೋಲರು. ಎರಡೂ ಹೆಬ್ಬೆರಳು ಬಟನ್ನಿನ ಮೇಲೆ ಇರಬೇಕು, ಒತ್ತಬಾರದು. ಅದೂ ನಿಯಮ.

ಮೊದಲ ಸಲ.

ಡಬ್ಬಣ್ಣ ತಲೆ ಕೆರೆದುಕೊಂಡ. ಮೊಣಕಾಲು ಕಿರುಗುಟ್ಟಿತು. ಆಕಳಿಸಿದ. ಪಕ್ಕದಲ್ಲಿ ಉಸಿರಿನ ಸದ್ದೇ ಇಲ್ಲವಲ್ಲ ಎಂದು ಅವನು ಓರೆಗಣ್ಣಲ್ಲಿ ನೋಡಿದ. ಅವಳು ಉಸಿರು ಬಿಗಿಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ರೆಪ್ಪೆಗಳು ಮಾತ್ರ ಅದುರುತ್ತಿದ್ದವು. ಎಡಗೆನ್ನೆಯ ಮೇಲೆ ಪೆನ್ಸಿಲಿನ ಒಂದು ಸಣ್ಣ ಗೆರೆ. ಯಾವಾಗ ಗೀಚಿಕೊಂಡಳೋ.

ಪರದೆಯ ಮೇಲೆ ಡಬ್ಬಣ್ಣ ಒಂದು ಹೆಜ್ಜೆ ಮುಂದೆ ಇಟ್ಟ.

ಅವಳು ಕಣ್ಣು ತೆರೆದಳು. "ಏನಾಯ್ತು?"

"ಅಲುಗಾಡ್ತು."

"ಏನು?"

"ಬೆರಳು" ಎಂದು ಅವನು ತನ್ನ ಹೆಬ್ಬೆರಳನ್ನೇ ನೋಡುತ್ತಾ ಕೂತ. ಸ್ಟಾಪ್‌ವಾಚಿನಲ್ಲಿ ಮೂರು ನಿಮಿಷ ಮೂವತ್ತೊಂದು ಸೆಕೆಂಡು.

"ಬೇಕಂತ?"

"ಅಲ್ಲ."

ಎರಡನೇ ಸಲ ಅವನು ಪರದೆ ಬಿಟ್ಟು ಬೇರೆಲ್ಲೂ ನೋಡುವುದಿಲ್ಲವೆಂದು ನಿಶ್ಚಯಿಸಿದ. ಅವಳು ಮಾತಿಗೆ ತೊಡಗಿದಳು. ಮಾತಾಡಬಾರದು ಎಂಬ ನಿಯಮ ಇರಲಿಲ್ಲ.

"ನಿಜ ಹೇಳಿ. ಆವತ್ತು ನಾಲ್ಕು ನಿಮಿಷ ಏನು ಯೋಚನೆ ಮಾಡ್ತಿದ್ರಿ?"

"ಏನೂ ಇಲ್ಲ. ಡಬ್ಬಣ್ಣನ್ನ ನೋಡಿದ್ರೆ ಏನಾದ್ರೂ ಆಗುತ್ತೆ ಅಂತ ಕಾಯ್ತಿದ್ದೆ."

"ಆಯ್ತಾ?"

"ಇಲ್ಲ." ಡಬ್ಬಣ್ಣನ ಮೊಣಕಾಲು ಕಿರುಗುಟ್ಟಿತು. "ನನಗೆ ಯಾವುದೂ ಗೊತ್ತಾಗಲ್ಲ ಈಗೀಗ. ನಮ್ಮಕ್ಕ ಒಂದಿನ ಸಕ್ಕರೆ ಹಾಕ್ದೆ ಟೀ ಕೊಟ್ಟಳು, ಪರೀಕ್ಷೆ ಮಾಡೋಕೆ."

"ನೀವೇನಂದ್ರಿ?"

"ಚೆನ್ನಾಗಿತ್ತು ಅಂದೆ."

ಅವಳು ತುಟಿ ಕಚ್ಚಿಕೊಂಡಳು. ನಗಬಾರದ ವಿಷಯ ಎಂದು ಅವಳಿಗೂ ಗೊತ್ತಿತ್ತು. ಆದರೂ ಮೂಗಿನಿಂದ ಒಂದು ಗುರ್ ಎಂಬ ಸದ್ದು ತಪ್ಪಿಸಿಕೊಂಡು ಬಂತು. "ಅಯ್ಯೋ, ಕ್ಷಮಿಸಿ, ಪಾಪ ನಿಮ್ಮಕ್ಕ" ಎನ್ನುತ್ತಲೇ ನಕ್ಕಳು. ಅವನ ಎದೆಯಿಂದಲೂ ಏನೋ ಸದ್ದು ಹೊರಟಿತು. ಅದು ನಗು ಎಂದು ಅವನಿಗೆ ಗುರುತು ಸಿಗುವಷ್ಟರಲ್ಲಿ ಡಬ್ಬಣ್ಣ ಎಗರಿ ಬಿದ್ದಿದ್ದ.

ಮೂರು ನಿಮಿಷ ನಲವತ್ತೆಂಟು.

ಮೂರನೆಯದಕ್ಕೆ ಮೊದಲು ಅವಳು ಸ್ಟಾಪ್‌ವಾಚನ್ನು ಸೋಫಾದ ಮೇಲಿಟ್ಟಳು. ನಗು ಹೋಗಿತ್ತು.

"ಇದು ಕೊನೇದು" ಎಂದಳು. "ನಾನಿದ್ರೆ ನಿಮಗೆ ಕೂರೋಕಾಗ್ತಿಲ್ಲ. ಬಾಗಿಲಾಚೆ ನಿಂತು ಕಿಟಕಿಯಿಂದ ನೋಡ್ತೀನಿ, ಸಾಕ್ಷಿಗೆ ಅಷ್ಟು ಸಾಕು. ಒಬ್ಬರೇ ಆದ್ರೆ ನೀವು ಕಲ್ಲಿನ ಹಾಗೆ ಕೂರ್ತೀರಿ. ನನ್ನ ದೆಸೆಯಿಂದ ನಿಮ್ಮ ರಿಪೋರ್ಟ್ ಸುಳ್ಳಾಗೋದು ಬೇಡ."

ನೋಡಿ, ಅವಳ ಕೆಲಸ, ಅವಳ ಅಪ್ಪನ ಮಾತು, ಎರಡೂ ಆ ನಾಲ್ಕು ನಿಮಿಷದಲ್ಲಿ ಇದ್ದವು. ಅವಳು ಸುಮ್ಮನೆ ಕೂತಿದ್ದರೆ ಸಾಕಿತ್ತು. ಆದರೂ ಎದ್ದಳು.

"ಹೋಗ್ಬೇಡಿ" ಎಂದ ಅವನು.

"ಯಾಕೆ?"

"ಹೋಗ್ಬೇಡಿ ಅಷ್ಟೇ. ಕೂತ್ಕೊಳ್ಳಿ."

ಅವಳು ಕೂತಳು. ಈ ಸಲ ಅವನು ಜೀವ ಹಿಡಿದು ಕೂತ. ಗೋಡೆ ಎಂಬ ಹೆಸರಿಗೆ ತಕ್ಕಂತೆ ಕೂತ. ತಲೆ ಕೆರೆದಾಯಿತು, ಮೊಣಕಾಲು ಕಿರುಗುಟ್ಟಿತು, ಆಕಳಿಕೆಯೂ ಆಯಿತು. ಮೂರೂವರೆ. ಮಾತು ಬಂದರೆ ನಾಳೆ ಇವಳು ತನ್ನ ಪೆನ್ಸಿಲು, ತಗಡಿನ ತಟ್ಟೆ ಎಲ್ಲ ಒಂದು ಚೀಲದಲ್ಲಿ ತುಂಬಿಕೊಂಡು ಮೆಟ್ಟಿಲಿಳಿದು ಹೋಗುತ್ತಾಳೆ. ಹಾಗೆ ಯೋಚಿಸಿದ್ದೇ ತಡ ಅವನಿಗೆ ಭಯವಾಯಿತು. ಬಹಳ ವರ್ಷದ ಮೇಲೆ ಭಯವಾಯಿತು, ಬಾಯಿ ಒಣಗಿತು, ಎದೆ ಹೊಡೆದುಕೊಳ್ಳತೊಡಗಿತು. ಆ ಬಡಿತ ಭುಜಕ್ಕೆ ಬಂತು, ತೋಳಿಗೆ ಬಂತು. ಅವನು ಹಲ್ಲು ಕಚ್ಚಿ ತಡೆದ. ಬೆರಳಿಗೂ ಬಂತು.

ಡಬ್ಬಣ್ಣನ ಎಡಗಾಲು ಒಂದಿಂಚು ಸರಿಯಿತು.

ಮೂರು ನಿಮಿಷ ಐವತ್ತೇಳು.

ಅವನು ಕಂಟ್ರೋಲರ್ ಕೆಳಗಿಟ್ಟು ಕೀಬೋರ್ಡ್ ಎಳೆದುಕೊಂಡು, ನಾನೂರ ಹನ್ನೆರಡರ ಕೆಳಗೆ ಬರೆದ. ಅವಳು ಅವನ ಭುಜದ ಮೇಲಿಂದ ಬಗ್ಗಿ ಓದಿದಳು. 'ಸಾಕ್ಷಿಯ ಎದುರು ಮೂರು ಸಲ ಪ್ರಯತ್ನಿಸಿದೆ. ನಾಲ್ಕು ನಿಮಿಷ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಮಾತು ಬರಲಿಲ್ಲ.'

"ಒಂದಕ್ಷರಾನೂ ಸುಳ್ಳಿಲ್ಲ" ಎಂದ. ಕೈ ಇನ್ನೂ ಕೀಬೋರ್ಡಿನ ಮೇಲೇ ಇತ್ತು.

ಅವಳು ಆ ಕೈಯನ್ನು ನೋಡಿದಳು. ಆಮೇಲೆ ತನ್ನ ಒಂದು ಬೆರಳಿನಿಂದ ಅವನ ಹೆಬ್ಬೆರಳನ್ನು ಒಂದೇ ಸಲ, ಬಟನ್ ಒತ್ತಿದ ಹಾಗೆ ಮೆಲ್ಲಗೆ ಒತ್ತಿ, ಎದ್ದು ಹೋದಳು.

ಶುಕ್ರವಾರದ ಮೀಟಿಂಗಿನಲ್ಲಿ ಲೀಡ್ ಒಂದೊಂದೇ ರಿಪೋರ್ಟ್ ಓದುತ್ತಾ ನಾನೂರ ಹನ್ನೆರಡಕ್ಕೆ ಬಂದರು. ಡಬ್ಬಣ್ಣನ ಮಾತನ್ನು ತುಟಿಯೊಳಗೇ ಓದಿಕೊಂಡರು. ಅವರಿಗೂ ನಲವತ್ತರ ಆಸುಪಾಸು, ಅವರ ಬೀದಿಯೂ ಸಂಜೆ ಐದಕ್ಕೆ ಖಾಲಿಯಾಗುತ್ತಿದ್ದಿರಬೇಕು. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಆಮೇಲೆ ಕೆಳಗಿನ ಮೂರು ಸಾಲನ್ನು ಗಟ್ಟಿಯಾಗಿ ಓದಿದರು. ಕೋಣೆಯೆಲ್ಲ ಗೊಳ್ಳೆಂದಿತು.

"ಏನ್ರೀ ಗೋಡೆ, ನಿಮಗೇ ಸುಮ್ನೆ ಇರೋಕಾಗ್ಲಿಲ್ವಾ?"

"ಆಗ್ಲಿಲ್ಲ ಸರ್."

"ನಿಮ್ಮಂಥವರಿಗೇ ಆಗ್ಲಿಲ್ಲ ಅಂದ್ಮೇಲೆ ಆಡೋ ಮಕ್ಕಳು ಸುಮ್ನೆ ಇರ್ತಾರಾ? ಯಾರ ಕಿವಿಗೂ ಬೀಳಲ್ಲ ಇದು. ಕ್ಲೋಸ್ ಮಾಡಿ."

ಮೇಜಿನ ಆ ತುದಿಯಲ್ಲಿ ಕೂತಿದ್ದವಳು ಹೆಡ್‌ಫೋನಿನ ವೈರು ಸುತ್ತುತ್ತಿದ್ದಳು. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದಳು. ಅವನ ಕಡೆ ನೋಡಲೇ ಇಲ್ಲ. ನೋಡದೆ ಇರುವುದಕ್ಕೆ ಎಷ್ಟು ಕಷ್ಟಪಡುತ್ತಿದ್ದಳೆಂದು ಅವನಿಗೆ ಚೆನ್ನಾಗಿ ಕಾಣಿಸುತ್ತಿತ್ತು.

ಗೇಮು ಬಿಡುಗಡೆಯಾಗಿ ಎರಡು ದಿನಕ್ಕೆ, ಭಾನುವಾರ ಬೆಳಿಗ್ಗೆ, ಅವಳು ಅವನನ್ನು ಮನೆಗೆ ಕರೆದಳು. ಅಷ್ಟರಲ್ಲಿ ಅವಳು ದಿನಕ್ಕೆ ಎರಡು ಸಲ ಮೂರನೇ ಮಹಡಿಗೆ ಬರುವುದೂ, ಬಂದಾಗೆಲ್ಲ ಕೇಳಲು ಏನಾದರೊಂದು ನೆಪ ಇರುವುದೂ ಆಫೀಸಿಗೆಲ್ಲ ಹಳೆಯ ಸುದ್ದಿಯಾಗಿತ್ತು.

ಅಪ್ಪ ತೆಳ್ಳಗಿನ ಮನುಷ್ಯ, ಕುತ್ತಿಗೆಗೆ ಒಂದು ಮೆತ್ತನೆ ಬಟ್ಟೆ ಸುತ್ತಿದ್ದರು. ಪಕ್ಕದಲ್ಲಿ ಸ್ಲೇಟು, ಬಳಪ. ಮಗಳು ಟಿವಿಗೆ ಗೇಮು ಹಾಕಿದಾಗ ಮುಖ ಬೇರೆ ಕಡೆ ತಿರುಗಿಸಿದರು. ಆಟದ ಡಬ್ಬಣ್ಣ ಹೊಸ ನಟರ ಧ್ವನಿಯಲ್ಲಿ "ನಮಸ್ಕಾರ ಗೆಳೆಯಾ!" ಎಂದ. ಅಪ್ಪ ಸ್ಲೇಟಿನಲ್ಲಿ ಬರೆದರು: 'ಚೆನ್ನಾಗಿ ಮಾಡಿದ್ದಾನೆ.' ಬರೆದು ಎದ್ದು ಹೋಗಲು ನೋಡಿದರು.

"ಕೂತ್ಕೋಪ್ಪಾ. ನಾಲ್ಕೇ ನಿಮಿಷ."

ಕಂಟ್ರೋಲರನ್ನು ಯಾರೂ ಹಿಡಿಯಲಿಲ್ಲ, ಚಾಪೆಯ ಮೇಲೆ ಇಟ್ಟರು. ತಲೆ, ಮೊಣಕಾಲು, ಆಕಳಿಕೆ. ಅಡುಗೆಮನೆಯ ನಲ್ಲಿಯಿಂದ ಒಂದೊಂದೇ ಹನಿ ಬೀಳುವುದು ಕೇಳುತ್ತಿತ್ತು.

"ಇನ್ನೂ ಇದ್ದೀಯಾ ಮರಿ? ಪರವಾಗಿಲ್ಲ. ಏನೂ ಮಾಡ್ಬೇಡ. ನಾನೂ ಸುಮ್ನೆ ನಿನ್ನ ಜೊತೆ ನಿಂತಿರ್ತೀನಿ."

ಅಪ್ಪನ ಕೈ ಮೆಲ್ಲಗೆ ಕುತ್ತಿಗೆಯ ಬಟ್ಟೆಗೆ ಹೋಯಿತು. ತಡಮಾಡಿ ಇಳಿಯಿತು. ಸ್ಲೇಟು ಎತ್ತಿಕೊಂಡು, ಮೊದಲಿದ್ದದ್ದನ್ನು ಅಂಗೈಯಲ್ಲೇ ಒರೆಸಿ, ಬರೆದರು:

'ಆವತ್ತು ನಿನಗೆ ಜ್ವರ ಇತ್ತು. ಅಮ್ಮ ಊರಲ್ಲಿ ಇರಲಿಲ್ಲ. ಏಳು ಗಂಟೆ ಹೊತ್ತು ಮೂಲೆಯಲ್ಲಿ ಕೂತಿದ್ದೆ. ಒಂದು ಸಲವೂ ಅಳಲಿಲ್ಲ ನೀನು.'

ಅವಳಿಗೆ ಇದು ಗೊತ್ತಿರಲಿಲ್ಲ. ಮಗಳಿಗೆ ಬೇಜಾರಾಗದಿರಲಿ ಎಂದು ಆಡಿದ ಮಾತು ಎಂದೇ ಇಷ್ಟು ದಿನ ತಿಳಿದಿದ್ದಳು. ಸ್ಲೇಟನ್ನು ಎರಡು ಸಲ ಓದಿ, "ಟೀ ಮಾಡ್ತೀನಿ" ಎಂದು ಅಡುಗೆಮನೆಗೆ ಓಡಿದಳು. ಪಾತ್ರೆಯ ಸದ್ದಿನ ಮಧ್ಯೆ ಬಿಕ್ಕುವುದು ಕೇಳಿಸಿತು. ಅಪ್ಪ ಅವನ ಕಡೆ ತಿರುಗಿ ಬರೆದರು: 'ನಾಲ್ಕು ನಿಮಿಷ ಸುಮ್ಮನೆ ಕೂತವನು ನೀನೇನಾ?'

"ಹೌದು."

ಅಪ್ಪ ಯಾಕೆ ಎಂದು ಕೇಳಲಿಲ್ಲ. ಅವರೂ ಗೋಡೆ ಕಡೆ ತಿರುಗಿ ಮಲಗಿದವರೇ ತಾನೇ.

ಅವಳು ಮೂರು ಲೋಟ ತಂದಳು. ಕಣ್ಣು ಊದಿಕೊಂಡಿತ್ತು. ಅವನು ಒಂದು ಗುಟುಕು ಕುಡಿದ. ನಿಲ್ಲಿಸಿದ. ಇನ್ನೊಂದು ಗುಟುಕು ಕುಡಿದ, ಖಚಿತ ಮಾಡಿಕೊಳ್ಳುವವನ ಹಾಗೆ.

"ಸಕ್ಕರೆ ಇಲ್ಲ" ಎಂದ.

ಅವಳ ಲೋಟ ತುಟಿಯ ಹತ್ತಿರವೇ ನಿಂತಿತು. "ಏನಂದ್ರಿ?"

"ಟೀಗೆ ಸಕ್ಕರೆ ಹಾಕಿಲ್ಲ ನೀವು."

"ಗೊತ್ತಾಯ್ತಾ?"

"ಗೊತ್ತಾಯ್ತು."

ಅವಳು ಅಳುತ್ತಾ ನಗುತ್ತಾ ಅಲ್ಲೇ ಚಾಪೆಯ ಮೇಲೆ ಕೂತುಬಿಟ್ಟಳು. ಅವನು ಲೋಟ ಕೆಳಗಿಟ್ಟ. ಹೇಳಬೇಕಾದ್ದನ್ನು ಹೇಳುವ ರೀತಿ ಅವನಿಗೆ ಒಂದೇ ಬರುತ್ತಿತ್ತು, ಹಾಗೇ ಹೇಳಿದ.

"ನೀವು ಮೆಟ್ಟಿಲು ಹತ್ತಿ ಬಂದಾಗೆಲ್ಲ ನನಗೆ ಎದೆಯಲ್ಲಿ ಏನೋ ಆಗುತ್ತೆ. ಮೊದಲನೇ ಸಲ ತಪ್ಪಿರ್ಬಹುದು ಅಂದ್ಕೊಂಡೆ. ಮೂರು ಸಲ ನೋಡಿದೆ. ಆಮೇಲೆ ದಿನಾ ನೋಡಿದೆ. ಪ್ರತಿ ಸಲಾನೂ ಆಗುತ್ತೆ. ನನಗೆ ನೀವಂದ್ರೆ ಇಷ್ಟ. ಉಳಿದಿದ್ದೆಲ್ಲ ಇನ್ನೂ ಸರಿಯಾಗಿ ಗೊತ್ತಾ‌ಗಲ್ಲ, ಹೊತ್ತು ಬೇಕು. ಇದೊಂದು ಗೊತ್ತಾಗುತ್ತೆ."

ಅಪ್ಪ ಟಿವಿಯನ್ನೇ ನೋಡುತ್ತಿದ್ದರು, ಕಿವಿ ಮಾತ್ರ ಇತ್ತ ಕಡೆ.

"ತೊಂದರೆ ಮಟ್ಟ?" ಎಂದಳು ಅವಳು. ಕೆನ್ನೆ ಒದ್ದೆಯಾಗಿತ್ತು, ಕಣ್ಣಲ್ಲಿ ತುಂಟತನ.

"ಜಾಸ್ತಿ."

"ನನಗೂ ಅಷ್ಟೇ ಕಣೋ" ಎಂದಳು. 'ನೀವು' ಹೋಗಿ 'ನೀನು' ಆಗಿದ್ದು ಇಬ್ಬರಿಗೂ ಕೇಳಿಸಿತು. "ಸಕ್ಕರೆ ತರ್ತೀನಿ ಇರು."

"ಬೇಡ" ಎಂದ ಅವನು. ಕಹಿಯನ್ನು ಇನ್ನೂ ಸ್ವಲ್ಪ ಹೊತ್ತು ನಾಲಿಗೆಯ ಮೇಲೆ ಇಟ್ಟುಕೊಳ್ಳಬೇಕು ಅನ್ನಿಸುತ್ತಿತ್ತು.

ಅಪ್ಪ ಸ್ಲೇಟನ್ನು ಅವನ ಮುಂದೆ ಹಿಡಿದರು. ಒಂದೇ ಸಾಲು. 'ಇನ್ನೂ ಇರ್ತೀಯಾ ಮರಿ?'

"ಇರ್ತೀನಿ" ಎಂದ. ಕಂಟ್ರೋಲರ್ ಯಾರೂ ಮುಟ್ಟಿರಲಿಲ್ಲ. ಪರದೆಯ ಮೇಲೆ ಡಬ್ಬಣ್ಣ ಮತ್ತೆ ಮೊದಲಿನಿಂದ ತಲೆ ಕೆರೆದುಕೊಂಡ. ಮೂವರೂ ಟೀ ಹಿಡಿದುಕೊಂಡು ನಾಲ್ಕನೇ ನಿಮಿಷಕ್ಕೆ ಕಾದು ಕೂತರು.